ಅಡುಗೆಮನೆ ಗೋಡೆಯ ಮೇಲಿನ ನಕಾಶೆ

(ವಿಜಯಪುರದ ನಮ್ಮ ಓಣಿಯ ಅಕ್ಕನ ಬಳಗದಲ್ಲಿ ಮಾತಾಡಿದ್ದು ಇದು. ಅವತ್ತು ಬರಲಾಗದವರು ಬರೆದು ಕೊಡು ಅಂದರು, ಅದಕ್ಕೇ ಬರೆದಿದ್ದೇನೆ. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ನಿನಗೆ ತಿಳಿದದ್ದರ ಮೇಲೆ ಅರ್ಧ ತಾಸು ಮಾತಾಡು" ಅಂತ ಬಳಗದ ಹಿರಿಯರು ಹೇಳಿದ ಮೇಲೆ ಎರಡು ದಿನ ಯೋಚನೆ ಮಾಡಿದೆ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ನೀರು ಬಿಡುವ ದಿನವಾದರೆ ಅದಕ್ಕೂ ಮೊದಲು. ರೊಟ್ಟಿ, ಪಲ್ಯ, ಇಬ್ಬರು ಮಕ್ಕಳ ಡಬ್ಬಿ, ಅತ್ತೆಯವರ ಬಿಪಿ ಗುಳಿಗೆ, ಎಂಟೂವರೆಗೆ ಶಾಲೆಯ ವ್ಯಾನು, ಹತ್ತಕ್ಕೆ ನನ್ನ ಕೆಲಸ. ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಬಂದರೆ ಮತ್ತೆ ಒಲೆ, ಹೋಂವರ್ಕು, ಬಟ್ಟೆ. ಇಲ್ಲಿ ಕೂತ ನೀವೆಲ್ಲ ಮಾಡುವುದೂ ಇದನ್ನೇ, ಅಲ್ವಾ? ಹಾಗಾಗಿ ಅಡುಗೆಮನೆ ಬಿಟ್ಟು ಬೇರೆ ಏನೂ ಮಾತಾಡುವುದಿಲ್ಲ ಅಂತ ಗಟ್ಟಿ ಮಾಡಿಕೊಂಡೆ. ಆದರೆ ಕಳೆದ ಮೂರ್ನಾಲ್ಕು ವರ್ಷದಲ್ಲಿ ಆ ಅಡುಗೆಮನೆಯೇ ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿದೆ. ಅದನ್ನೇ ಹೇಳುತ್ತೇನೆ.

ಮೊದಲೂ ಸುದ್ದಿ ಕೇಳುತ್ತಿದ್ದೆ. ಟಿವಿ ಹಚ್ಚಿರುತ್ತಿತ್ತು, ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಯಾವುದೋ ದೇಶ, ಯಾವುದೋ ಟ್ಯಾಂಕು, ಕೂಗಾಡುವ ನಾಲ್ಕು ಜನ. ಅದು ಗಂಡಸರು ಚಹಾ ಕುಡಿಯುತ್ತಾ ಮಾತಾಡುವ ವಿಷಯ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದು ತಪ್ಪಾಗಿತ್ತು.

2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ಯುದ್ಧ ಶುರು ಮಾಡಿತು. ಎರಡು ವಾರ ಆಗಿತ್ತೋ ಇಲ್ಲವೋ, ನಮ್ಮ ಕಿರಾಣಿ ಅಂಗಡಿಯವರು ಸೂರ್ಯಕಾಂತಿ ಎಣ್ಣೆ ಒಬ್ಬರಿಗೆ ಎರಡೇ ಪಾಕೀಟು ಅಂದರು. ರೇಟು ಕೇಳಿದರೆ ಎದೆ ಧಸಕ್ ಅಂತು. ಲೀಟರಿಗೆ 150ರ ಆಸುಪಾಸು ಇದ್ದದ್ದು 200ರ ಹತ್ತಿರ ಹೋಗಿತ್ತು. ಮನೆಗೆ ಬಂದು ಹೇಳಿದೆ. ಅತ್ತೆ ಶೇಂಗಾ ಬಿಡಿಸುತ್ತಾ ಕೂತಿದ್ದರು. "ಅಲ್ಲವಾ, ಯುದ್ಧ ಎಲ್ಲೋ ನಡದೈತಿ, ನಮ್ಮ ಎಣ್ಣಿ ಯಾಕ ತುಟ್ಟಿ ಆತು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿ.ಕಾಂ. ಮಾಡಿದ್ದೇನೆ, ದಿನಾ ಲೆಕ್ಕ ಬರೆಯುತ್ತೇನೆ, ದಿನಾ ಒಗ್ಗರಣೆ ಹಾಕುತ್ತೇನೆ. ಆದರೂ ಆ ಎಣ್ಣೆ ಎಲ್ಲಿಂದ ಬರುತ್ತೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಪಾಕೀಟಿನ ಮೇಲೆ ಹಳದಿ ಹೂವಿನ ಹೊಲದ ಚಿತ್ರ ಇತ್ತು. ಅದು ಇಲ್ಲೇ ಮುದ್ದೇಬಿಹಾಳದ ಕಡೆಯ ಹೊಲ ಅಂತಲೇ ನನ್ನ ಮನಸ್ಸಿನಲ್ಲಿತ್ತು.

ಅವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲ್ ಹಿಡಿದು ಕೂತೆ. ಓದುತ್ತಾ ಹೋದಂತೆ ಗೊತ್ತಾಯಿತು. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು. ವರ್ಷಕ್ಕೆ ಸುಮಾರು 160 ಲಕ್ಷ ಟನ್ ತರಿಸುತ್ತೇವೆ. ಸೂರ್ಯಕಾಂತಿ ಎಣ್ಣೆಯಂತೂ ಹೆಚ್ಚು ಕಡಿಮೆ ಪೂರ್ತಿ ಹೊರಗಿನದೇ. ಇಡೀ ಜಗತ್ತು ಮಾರುವ ಸೂರ್ಯಕಾಂತಿ ಎಣ್ಣೆಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಉಕ್ರೇನ್ ಮತ್ತು ರಷ್ಯಾ, ಎರಡೇ ದೇಶದ್ದು. ಆ ಎರಡೇ ದೇಶ ಬಡಿದಾಡುತ್ತಿದ್ದವು. ಕಪ್ಪು ಸಮುದ್ರದ ಬಂದರುಗಳು ಬಂದ್ ಆಗಿದ್ದವು. ಉಕ್ರೇನಿನ ಒಡೆಸಾ ಬಂದರಿನಲ್ಲಿ ಹಡಗು ನಿಂತರೆ ವಿಜಯಪುರದ ಕಿರಾಣಿ ಅಂಗಡಿಯಲ್ಲಿ "ಎರಡೇ ಪಾಕೀಟು" ಅನ್ನುತ್ತಾರೆ. ಇಷ್ಟು ಸರಳ ವಿಷಯ ಅಷ್ಟು ಕೂಗಾಡುವ ಟಿವಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಮರುದಿನ ಅತ್ತೆಗೆ ಹೇಳಿದೆ. ಮಗ ಕೇಳಿಸಿಕೊಂಡ. ಆಗ ಅವನಿನ್ನೂ ಎರಡನೇ ಕ್ಲಾಸು. "ಮಮ್ಮಿ, ನಾವು ಯಾರ ಕಡಿ ಅದೀವಿ?" ಅಂದ. ಅವನಿಗೆ ಅದೊಂದು ಮ್ಯಾಚ್. ಒಂದು ಕಡೆ ಇರಲೇಬೇಕು. ನನಗೆ ಹೇಗೆ ಹೇಳಬೇಕು ತಿಳಿಯಲಿಲ್ಲ, ಯಾಕೆಂದರೆ ಟಿವಿಯೂ ಅವನಿಗೆ ಹಾಗೇ ಕಲಿಸುತ್ತಿತ್ತು. ಸಂಜೆ ಕೆಲಸದಿಂದ ಬರುವಾಗ ಸ್ಟೇಷನರಿ ಅಂಗಡಿಯಲ್ಲಿ ಒಂದು ಜಗತ್ತಿನ ನಕಾಶೆ ತಂದೆ. ಹಾಲ್‌ನಲ್ಲಿ ಹಚ್ಚೋಣ ಅಂದರು ನಮ್ಮ ಮನೆಯವರು. ನಾನು ಅಡುಗೆಮನೆಯಲ್ಲಿ ಫ್ರಿಜ್ ಪಕ್ಕದ ಗೋಡೆಗೆ ಹಚ್ಚಿದೆ. ನಾನು ಜಾಸ್ತಿ ಹೊತ್ತು ನಿಲ್ಲುವ ಜಾಗ ಅದು. ಈಗ ಅದರ ಮೇಲೆ ಅರಿಶಿನದ ಕೈ ಗುರುತು ಇವೆ, ಒಂದು ಮೂಲೆ ಹಬೆಗೆ ಸುರುಳಿ ಆಗಿದೆ. ಮಗಳು ನನ್ನ ಟಿಕಲಿ ಪಾಕೀಟು ತೆಗೆದುಕೊಂಡು, ನಮ್ಮ ಮನೆಗೆ ಬರುವ ಸಾಮಾನು ಯಾವ ದೇಶದ್ದೋ ಅಲ್ಲಿ ಕೆಂಪು ಟಿಕಲಿ, ನಮ್ಮ ಕಡೆಯ ಮಾಲು ಎಲ್ಲಿಗೆ ಹೋಗುತ್ತೋ ಅಲ್ಲಿ ಹಸಿರು ಟಿಕಲಿ ಹಚ್ಚಲು ಶುರು ಮಾಡಿದಳು. ಮೊದಲ ಕೆಂಪು ಟಿಕಲಿ ಒಡೆಸಾ. ಎರಡನೆಯದು ರಷ್ಯಾ. "ಎಣ್ಣಿ ಎರಡೂ ಕಡಿಯಿಂದ ಬರ್ತೈತಿ ನೋಡು" ಅಂತ ಮಗನಿಗೆ ತೋರಿಸಿದೆ.

ಇಷ್ಟೇ ಆಗಿದ್ದರೆ ಇದು ರೇಟಿನ ಮಾತಾಗಿ ಮುಗಿಯುತ್ತಿತ್ತು.

ನಮ್ಮ ಹಿಂದಿನ ಓಣಿಯ ಒಬ್ಬ ಅಕ್ಕನ ಮಗ ಆಗ ಉಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ. ಇಲ್ಲಿ ಪ್ರೈವೇಟ್ ಸೀಟಿಗೆ ಅಷ್ಟು ದುಡ್ಡು ಎಲ್ಲಿಂದ ತರುವುದು, ಅಲ್ಲಿ ಕಡಿಮೆಯಲ್ಲಿ ಮುಗಿಯುತ್ತೆ ಅಂತ ಹೊಲ ಅಡವಿಟ್ಟು ಕಳಿಸಿದ್ದರು. ಆ ದಿನಗಳಲ್ಲಿ ಸಂಜೆ ಹೊತ್ತು ಅವರ ಮನೆಗೆ ಹೋಗಿ ಕೂರುತ್ತಿದ್ದೆ. ಅವನು ನೆಲಮಾಳಿಗೆಯಲ್ಲಿದ್ದ. ಫೋನ್ ಚಾರ್ಜ್ ಉಳಿಸಲು ದಿನಕ್ಕೆ ಎರಡೇ ಸಲ ಮಾತು. ಆ ಅಕ್ಕ ಫೋನನ್ನು ಹಂಚಿನ ಪಕ್ಕದಲ್ಲೇ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದರು. ಟಣ್ ಅಂದರೆ ಸಾಕು, ಹಿಟ್ಟಿನ ಕೈಯಲ್ಲೇ ಒತ್ತುತ್ತಿದ್ದರು. ಸ್ಕ್ರೀನ್ ತುಂಬಾ ಜೋಳದ ಹಿಟ್ಟು. ಅಷ್ಟು ರೊಟ್ಟಿ ಯಾರಿಗೆ ಅಂತ ನಾನು ಕೇಳಲಿಲ್ಲ. ಕೈ ಸುಮ್ನೆ ಇರಲಾರದೆ ಬಡಿಯುತ್ತಿದ್ದರು ಅಷ್ಟೇ.

ಮಾರ್ಚ್ 1ಕ್ಕೆ ಆ ಸುದ್ದಿ ಬಂತು. ಹಾವೇರಿ ಜಿಲ್ಲೆಯ ಹುಡುಗ, ಖಾರ್ಕಿವ್‌ನಲ್ಲೇ ಮೆಡಿಕಲ್ ನಾಲ್ಕನೇ ವರ್ಷದವನು, ತಿನ್ನುವ ಸಾಮಾನು ತರಲು ಹೊರಗೆ ಹೋದವನು ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ನಿಮಗೆಲ್ಲ ನೆನಪಿರಬೇಕು. ದೇಹ ಊರಿಗೆ ಬರಲು ಸುಮಾರು ಮೂರು ವಾರ ಹಿಡಿಯಿತು, ತಂದೆ ತಾಯಿ ಅದನ್ನು ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ನಮ್ಮ ಓಣಿಯ ಹುಡುಗ ಪೋಲೆಂಡ್ ದಾಟಿ ವಾಪಸ್ ಬಂದ. ಉಕ್ರೇನಿನಿಂದ ಸುಮಾರು 22,500 ನಮ್ಮ ದೇಶದವರು ಹಾಗೆ ವಾಪಸ್ ಬಂದರು, ಹೆಚ್ಚಿನವರು ಓದುವ ಮಕ್ಕಳು. ಹಾವೇರಿಯ ತಾಯಿಯ ಮಗ ಮಾತ್ರ ಹಾಗೆ ಬರಲಿಲ್ಲ.

ನಕಾಶೆ ಹಚ್ಚಿದ ಮೇಲೆ ಒಂದು ದಿನ ನಮ್ಮ ಅತ್ತೆ ಅದರ ಮುಂದೆ ನಿಂತು, "ಆ ಹುಡುಗ ತೀರಿಕೊಂಡ ಊರು ಎಲ್ಲೈತಿ ತೋರಸು" ಅಂದರು. ಅವರಿಗೆ ಓದಲು ಬರುವುದಿಲ್ಲ. ಮಗಳು ತೋರಿಸಿದಳು. ಅತ್ತೆ ಅಲ್ಲಿ ಬೆರಳಿಟ್ಟು, ಅಲ್ಲಿಂದ ಬೆರಳು ಎತ್ತದೆ ಹಾಗೇ ಎಳೆಯುತ್ತಾ ನಮ್ಮ ದೇಶದವರೆಗೆ ತಂದರು. "ಇಷ್ಟ ದೂರ ಕಳಿಸಿದ್ರಾ" ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಸೀಟು, ಫೀಸು, ನೀಟ್ ಪರೀಕ್ಷೆ, ಇವೆಲ್ಲ ನಮ್ಮ ಮನೆಯ ವಿಷಯ ಅನ್ನುತ್ತೇವೆ. ಯುದ್ಧ ಹೊರಗಿನ ವಿಷಯ ಅನ್ನುತ್ತೇವೆ. ಆ ಹುಡುಗನ ಜೀವನದಲ್ಲಿ ಎರಡನ್ನೂ ಬೇರೆ ಮಾಡಲು ಎಲ್ಲಿ ಸಾಧ್ಯ? ಇಲ್ಲಿ ಸೀಟು ಎಟುಕಲಿಲ್ಲ ಅನ್ನುವುದಕ್ಕೇ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಇದನ್ನು ನಾವು ತಾಯಂದಿರು ಗಟ್ಟಿಯಾಗಿ ಕೇಳಬೇಕು ಅಂತ ನನಗೆ ಈಗಲೂ ಅನಿಸುತ್ತೆ.

ಇನ್ನೊಂದು ಸಂಗತಿ ಆಮೇಲೆ ಗೊತ್ತಾದದ್ದು. ಇದನ್ನು ಹೇಳಲೇಬೇಕು ಅಂತಲೇ ಇವತ್ತು ಮಾತಾಡಲು ಒಪ್ಪಿಕೊಂಡೆ.

ಹಿಟ್ನಳ್ಳಿ ಕೃಷಿ ಮೇಳಕ್ಕೆ ಹೋಗಿದ್ದೆವು, ನಾನು, ಮಗಳು, ಊರಿಂದ ಬಂದಿದ್ದ ಮೈದುನ. ಅಲ್ಲಿ ಎಣ್ಣೆಕಾಳಿನ ಮಳಿಗೆಯಲ್ಲಿದ್ದವರು, ನಮ್ಮ ದೇಶಕ್ಕೆ ಎಣ್ಣೆಯ ಬೆಳೆಯಾಗಿ ಸೂರ್ಯಕಾಂತಿ ಬಂದದ್ದೇ 1969ರಲ್ಲಿ, ಅದೂ ಆಗಿನ ಸೋವಿಯತ್ ರಷ್ಯಾದಿಂದ ಅಂದರು. ನನಗೆ ನಂಬಿಕೆ ಬರಲಿಲ್ಲ. ನಮ್ಮ ಕಡೆ ಅದನ್ನು ಸೂರ್ಯಪಾನ ಅಂತಾರೆ, ತಲೆತಲಾಂತರದ ಬೆಳೆ ಅಂತ ನಾನು ತಿಳಿದಿದ್ದೆ. ಮನೆಗೆ ಬಂದು ಅತ್ತೆಯನ್ನು ಕೇಳಿದರೆ "ಹೌದವಾ, ನಾನು ಲಗ್ನ ಆಗಿ ಬಂದಾಗ ಅದು ಇರಲಿಲ್ಲ, ಆಮ್ಯಾಲ ಬಂತು, ಮಂದಿ ಹೂವು ನೋಡಾಕ ಹೊಲಕ್ಕ ಬರ್ತಿದ್ರು" ಅಂದರು!

ಮಗಳೂ ನಾನೂ ಮತ್ತೆ ಹುಡುಕಿದೆವು. ಆಗ ಬಂದ ತಳಿಗಳಲ್ಲಿ ಒಂದರ ಹೆಸರು ಪೆರೆಡೊವಿಕ್. ಅದನ್ನು ಬೆಳೆಸಿ ತೆಗೆದವರು ವಾಸಿಲಿ ಪುಸ್ತೊವೊಯ್ತ್ ಅನ್ನುವ ವಿಜ್ಞಾನಿ. ಅವರು ಕೆಲಸ ಮಾಡಿದ್ದು ರಷ್ಯಾದ ಕ್ರಾಸ್ನೊದಾರ್ ಊರಲ್ಲಿ. ಒಂದೊಂದು ಗಿಡದ ಬೀಜ ಬೇರೆ ಬೇರೆ ಇಟ್ಟು, ಎಣ್ಣೆ ಅಳೆದು, ಒಳ್ಳೆಯದನ್ನು ಆರಿಸಿ ಮತ್ತೆ ಬಿತ್ತಿ, ಹೀಗೆ ಹತ್ತಾರು ವರ್ಷ. ಮೊದಲು ಬೀಜದಲ್ಲಿ ನೂರಕ್ಕೆ ಮೂವತ್ತರ ಆಸುಪಾಸು ಎಣ್ಣೆ ಇರುತ್ತಿತ್ತು, ಅವರು ಅದನ್ನು ಐವತ್ತರ ಹತ್ತಿರ ತಂದರು. ಆ ಬೀಜವೇ ನಮ್ಮ ಎರೆ ಹೊಲಕ್ಕೂ ಬಂದದ್ದು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ನಮ್ಮದೇ ಹೈಬ್ರಿಡ್ ತಳಿ ಬಿಟ್ಟರು. ಮುಂದೆ ಕರ್ನಾಟಕ ಈ ಬೆಳೆಯಲ್ಲಿ ದೇಶಕ್ಕೇ ಮುಂದೆ ನಿಂತಿತು.

ಆ ಪುಸ್ತೊವೊಯ್ತ್ ಹುಟ್ಟಿದ್ದು ಎಲ್ಲಿ ಗೊತ್ತಾ? 1886ರಲ್ಲಿ, ಖಾರ್ಕಿವ್ ಸೀಮೆಯ ತರಾನೊವ್ಕಾ ಅನ್ನುವ ಹಳ್ಳಿಯಲ್ಲಿ. ಈಗ ಅದು ಉಕ್ರೇನ್.

ಇದನ್ನು ಓದಿದಾಗ ಮಗಳು ನನ್ನ ಮುಖ ನೋಡಿದಳು. ನಾನೂ ಅವಳ ಮುಖ ನೋಡಿದೆ. ನಾವು ಬೆರಳಿಟ್ಟಿದ್ದ ಅದೇ ಜಾಗ. ಉಕ್ರೇನಿನ ಹಳ್ಳಿಯಲ್ಲಿ ಹುಟ್ಟಿ, ರಷ್ಯಾದ ನೆಲದಲ್ಲಿ ದುಡಿದು, ಜಗತ್ತಿನ ಎಷ್ಟೋ ಮನೆಗಳ ಒಗ್ಗರಣೆಗೆ ಎಣ್ಣೆ ಕೊಟ್ಟವನ ಊರ ಸುತ್ತಲೂ ಬಾಂಬು ಬೀಳುತ್ತಿತ್ತು. ಆ ಊರುಗಳ ಕಡೆಗೇ ನಮ್ಮ ಹುಡುಗರು ಡಾಕ್ಟರ್ ಆಗಲು ಹೋಗಿದ್ದರು. ಮಗ ಕೇಳಿದ್ದನಲ್ಲ, ನಾವು ಯಾರ ಕಡೆ ಅಂತ. ಅವನನ್ನು ಕೂರಿಸಿಕೊಂಡು ಈ ಕತೆ ಪೂರ್ತಿ ಹೇಳಿದೆ. ಅವನಿಗೆ ಎಷ್ಟು ಅರ್ಥ ಆಯಿತೋ, ಆದರೆ ಆಮೇಲೆ ಆ ಪ್ರಶ್ನೆ ಮತ್ತೆ ಕೇಳಲಿಲ್ಲ. "ಅವರ ಊರಾಗ ಈಗ ಹೂವು ಅದಾವೇನು?" ಅಂತ ಕೇಳಿದ.

ಹಾಗಾದರೆ ನಮ್ಮ ಹೊಲದ ಹೂವು ಎಲ್ಲಿ ಹೋಯಿತು? ಇದನ್ನು ಮೈದುನನ ಹತ್ತಿರ ಕೇಳಿ ತಿಳಿದುಕೊಂಡೆ, ಉಳಿದದ್ದು ಓದಿಕೊಂಡೆ. 1986ರಲ್ಲಿ ಸರಕಾರ ಎಣ್ಣೆಕಾಳಿಗೆ ಅಂತಲೇ ದೊಡ್ಡ ಯೋಜನೆ ತಂದಿತ್ತು. ಹಳದಿ ಕ್ರಾಂತಿ ಅಂತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ದೇಶಕ್ಕೆ ಬೇಕಾದ ಎಣ್ಣೆ ಬಹುಪಾಲು ಇಲ್ಲೇ ಆಗುತ್ತಿತ್ತು, ಸೂರ್ಯಕಾಂತಿಯೇ 25 ಲಕ್ಷ ಹೆಕ್ಟೇರ್ ದಾಟಿತ್ತು. 1994ರಿಂದ ಹೊರಗಿನ ತಾಳೆ ಎಣ್ಣೆಗೆ ಬಾಗಿಲು ತೆಗೆದರು, ಆಮೇಲಾಮೇಲೆ ಸುಂಕವನ್ನೂ ಇಳಿಸಿದರು. ಸೋವಿ ಎಣ್ಣೆ ಬಂತು. 1997ರ ಹೊತ್ತಿಗೆ ನಮ್ಮ ರಾಜ್ಯದಲ್ಲೇ ಸೂರ್ಯಕಾಂತಿಗೆ ಗಿಡ ಸುಟ್ಟಂತೆ ಒಣಗುವ ನಂಜುರೋಗವೂ ಕಾಣಿಸಿಕೊಂಡಿತು. ಮೇಲೆ ಗಿಳಿ ಕಾಟ. ಒಬ್ಬನೇ ಬಿತ್ತಿದರೆ ಊರ ಗಿಳಿಯೆಲ್ಲ ಅವನ ಹೊಲಕ್ಕೇ. ರೈತ ಎಷ್ಟು ದಿನ ತಡೆದುಕೊಳ್ಳುತ್ತಾನೆ? ಗೋವಿನಜೋಳ ಹಾಕಿದ, ತೊಗರಿ ಹಾಕಿದ, ನೀರಿದ್ದವನು ಕಬ್ಬು ಹಾಕಿದ. ಈಗ ಹೂವಿನ ಹೊಲ ಪಾಕೀಟಿನ ಚಿತ್ರದಲ್ಲೇ ನೋಡಬೇಕು.

ಇಲ್ಲಿ ನನಗೇ ಕಷ್ಟವಾಗುವ ಒಂದು ಮಾತು ಬರುತ್ತೆ. 2024ರ ಸೆಪ್ಟೆಂಬರ್‌ನಲ್ಲಿ ಹೊರಗಿನ ಎಣ್ಣೆಯ ಮೇಲೆ ಸುಂಕ ಏರಿಸಿದರು. ಕಚ್ಚಾ ಅಡುಗೆ ಎಣ್ಣೆಗೆ ಎಲ್ಲ ಸೇರಿ ನೂರಕ್ಕೆ ಐದೂವರೆ ಇದ್ದದ್ದು ಇಪ್ಪತ್ತೇಳೂವರೆ ಆಯಿತು. ದಸರಾ, ದೀಪಾವಳಿ ಮುಂದೆ. ನಾನು ಅಂಗಡಿಯಲ್ಲಿ ನಿಂತು ಬೇಜಾರು ಮಾಡಿಕೊಂಡೆ, ಕರಿಗಡಬು ಕಡಿಮೆ ಮಾಡಿದೆ. ಅದೇ ವಾರ ಬೆಳಗಾವಿ ಕಡೆಯ ನನ್ನ ತವರಿನಿಂದ ಅಣ್ಣನ ಫೋನು. ಅವನದು ಸೋಯಾಬೀನ್. ರೇಟು ಬಿದ್ದು ಕಂಗಾಲಾಗಿದ್ದವನು, "ಈಗರೆ ನಾಕ್ ದುಡ್ಡು ಏರಬಹುದು ತಂಗಿ" ಅಂತ ಖುಷಿಯಲ್ಲಿದ್ದ. ನಾನು ಏನು ಹೇಳಲಿ? ನನ್ನ ಚೀಲಕ್ಕೆ ತುಟ್ಟಿ, ಅವನ ಹೊಲಕ್ಕೆ ಜೀವ. ಮುಂದಿನ ವರ್ಷ ಮೇ ಕೊನೆಗೆ ಆ ಸುಂಕ ಮತ್ತೆ ಇಳಿಸಿದರು. ಆಗ ನನಗೆ ಹಗುರ, ಅವನಿಗೆ ಭಾರ.

ತೊಗರಿಯದೂ ಇದೇ ಕತೆ. ವಿಜಯಪುರದವರು ನಾವು, ತೊಗರಿ ಬೆಳೆಯುವ ಜಿಲ್ಲೆ. ಆದರೂ ಅಂಗಡಿಯ ಬೇಳೆಯಲ್ಲಿ ಎಷ್ಟೋ ಪಾಲು ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್ ಕಡೆಯದು. 2016ರಲ್ಲೇ ಮೊಜಾಂಬಿಕ್ ಜೊತೆ ಬೇಳೆಕಾಳಿಗೆ ಅಂತ ಒಪ್ಪಂದ ಆಗಿದೆ. ಇಲ್ಲಿ ಮಳೆ ಕೈಕೊಟ್ಟ ವರ್ಷ ಅಲ್ಲಿಯ ರೈತನೇ ನಮ್ಮ ಬೇಳೆಸಾರಿಗೆ ಆಧಾರ, ಅದನ್ನು ಮರೆಯಬಾರದು. ಆದರೆ ಇಲ್ಲಿ ಚೆನ್ನಾಗಿ ಬೆಳೆದ ವರ್ಷವೂ ಹಡಗು ಬರುತ್ತಲೇ ಇದ್ದರೆ? 2024-25ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ನಮ್ಮ ಮೈದುನ ಅದಕ್ಕಿಂತ ಕಡಿಮೆಗೆ ಮಾರಿದ, ಗೊಬ್ಬರದ ಅಂಗಡಿಯವರಿಗೆ ಬಾಕಿ ತೀರಿಸಬೇಕಿತ್ತು, ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲು ಆಗಲಿಲ್ಲ. ಆ ತಿಂಗಳು ಬೇಳೆ ಸೋವಿ ಆಯಿತು ಅಂತ ನಾನು ಐದು ಕಿಲೋ ಜಾಸ್ತಿ ತಂದಿದ್ದೆ. ಆಮೇಲೆ ಅವನ ಲೆಕ್ಕ ಗೊತ್ತಾಗಿ, ಆ ಡಬ್ಬಿ ತೆಗೆಯುವಾಗೆಲ್ಲ ಮನಸ್ಸಿಗೆ ಹಿಂಸೆ ಆಗುತ್ತಿತ್ತು. ಇದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ಆದರೆ "ಸೋವಿ ಆಯ್ತು, ಬಿಡು" ಅನ್ನುವ ಮಾತು ನನ್ನ ಬಾಯಿಗೆ ಈಗ ಬರುವುದಿಲ್ಲ.

ಒಣದ್ರಾಕ್ಷಿ ನನ್ನ ದಿನದ ಅನ್ನ, ಅದರ ಬಗ್ಗೆ ಎರಡು ಮಾತು. ನೀವು ತಿಕೋಟಾ ರಸ್ತೆಯಲ್ಲಿ ಹೋಗುವಾಗ ಹೊಲದಲ್ಲಿ ಹಸಿರು ಪರದೆ ಕಟ್ಟಿದ ಶೆಡ್ ನೋಡಿರುತ್ತೀರಿ. ಹಸಿ ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ, ಅಲ್ಲಿ ಬಲೆಯ ಮೇಲೆ ಹರಡಿ, ಎರಡು ವಾರ ನೆರಳಲ್ಲಿ ಒಣಗಿಸುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಆ ಎರಡು ವಾರದಲ್ಲಿ ಒಂದು ಮಳೆ ಬಿದ್ದರೆ ಬಣ್ಣ ಹೋಯಿತು, ರೇಟೂ ಹೋಯಿತು. ಇಷ್ಟೆಲ್ಲ ದಾಟಿ ಮಾಲು ನಮ್ಮ ಕೋಲ್ಡ್ ಸ್ಟೋರೇಜಿಗೆ ಬರುತ್ತೆ. ರೈತರು ಬಂದು ಮೊದಲು ಕೇಳುವುದು, "ಮೇಡಂ, ಹೊರಗಿನ ಮಾಲು ಬಂದೈತೇನು?" ಅಫ್ಘಾನಿಸ್ತಾನದ ಒಣದ್ರಾಕ್ಷಿಗೆ ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ಒಪ್ಪಂದದಲ್ಲಿ ಸುಂಕದ ರಿಯಾಯ್ತಿ ಇದೆ. ಅದರ ಹೆಸರಲ್ಲಿ ಚೀನಾ ಮಾಲೂ ಬರುತ್ತೆ ಅನ್ನುವುದು ನಮ್ಮ ರೈತರ ದೂರು.

ನನಗೂ ಮೊದಲು ಅಫ್ಘಾನಿಸ್ತಾನ ಅಂದರೆ ಸಿಟ್ಟು ಬರುತ್ತಿತ್ತು, ರೈತರ ಮುಖ ನೋಡಿ ನೋಡಿ. ಆದರೆ ಅದೇ 2022ರ ಮಾರ್ಚ್‌ನಲ್ಲಿ, 23ನೇ ತಾರೀಖು, ಇನ್ನೊಂದು ಸುದ್ದಿ ಓದಿದೆ. ಅಲ್ಲಿ ಆರನೇ ಕ್ಲಾಸಿಗಿಂತ ಮೇಲಿನ ಹುಡುಗಿಯರಿಗೆ ಶಾಲೆ ತೆರೆಯುತ್ತೇವೆ ಅಂತ ತಾಲಿಬಾನ್ ಆಡಳಿತದವರು ಹೇಳಿದ್ದರು. ಹುಡುಗಿಯರು ಚೀಲ ಹಾಕಿಕೊಂಡು ಬಂದರು. ಬಂದ ದಿನವೇ ವಾಪಸ್ ಕಳಿಸಿದರು. ಕೆಲವರು ಬಾಗಿಲಲ್ಲೇ ಅಳುತ್ತಾ ನಿಂತಿದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ಕಾಲೇಜಿನ ಬಾಗಿಲೂ ಮುಚ್ಚಿತು. ನನ್ನ ಮಗಳು ಆಗ ಸರಿಯಾಗಿ ಆರನೇ ಕ್ಲಾಸು. ಅವಳ ಏಳನೇ ಕ್ಲಾಸಿನ ಪುಸ್ತಕಕ್ಕೆ ಕಾಗದ ಹಾಕುವಾಗ ಕಂದಹಾರದಲ್ಲೋ ಎಲ್ಲೋ ನನ್ನಂಥದೇ ಒಬ್ಬ ತಾಯಿ, ದ್ರಾಕ್ಷಿ ಒಣಗಿಸುವ ಮನೆಯವಳೇ ಇರಬಹುದು, ಅವಳ ಮಗಳ ಪುಸ್ತಕ ಏನಾಗಿರಬೇಕು ಅಂತ ಅನಿಸಿ ಕೈ ನಿಂತಿತು. ಅವಳ ಮನೆಯ ಮಾಲು ನಮ್ಮ ರೈತನ ರೇಟು ಇಳಿಸುತ್ತೆ, ಅದು ನಿಜ. ಅವಳ ಮಗಳು ಮನೆಯಲ್ಲಿ ಕೂತಿದ್ದಾಳೆ, ಇದೂ ನಿಜ. ನಾನು ಲೆಕ್ಕ ಬರೆಯುವವಳು, ಇವೆರಡನ್ನು ಯಾವ ಖಾನೆಯಲ್ಲಿ ಬರೆಯಲಿ?

ಗ್ಯಾಸಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ದೇಶದ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು, ಅದರಲ್ಲಿ ಬಹುಪಾಲು ಕೊಲ್ಲಿ ದೇಶಗಳದ್ದು. ಅದು ಹೋರ್ಮುಜ್ ಅನ್ನುವ ಒಂದು ಇಕ್ಕಟ್ಟಾದ ಸಮುದ್ರದ ಓಣಿ ದಾಟಿ ಬರಬೇಕು. ಅತಿ ಕಿರಿದಾದ ಕಡೆ ಆ ಓಣಿ ನಲವತ್ತು ಕಿಲೋಮೀಟರ್ ಕೂಡ ಇಲ್ಲ, ಹೆಚ್ಚು ಕಡಿಮೆ ಇಲ್ಲಿಂದ ಕೊಲ್ಹಾರಕ್ಕೆ ಹೋದಷ್ಟು. 2025ರ ಜೂನ್‌ನಲ್ಲಿ ಇಸ್ರೇಲ್ ಇರಾನ್ ಹನ್ನೆರಡು ದಿನ ಹೊಡೆದಾಡಿದಾಗ ನಾನು ಆ ಓಣಿಯನ್ನು ನೋಡುತ್ತಲೇ ಚಹಾ ಕುದಿಸುತ್ತಿದ್ದೆ. ಕೆಂಪು ಸಮುದ್ರದಲ್ಲಿ 2023ರ ನವೆಂಬರ್‌ನಿಂದ ಯೆಮೆನ್ ದೇಶದ ಹೂತಿ ಬಂಡುಕೋರರು ಹಡಗಿನ ಮೇಲೆ ದಾಳಿ ಶುರು ಮಾಡಿದಾಗ, ಮಗಳು ಹೊಲಿಗೆಯ ದಾರ ಹಿಡಿದು ಒಡೆಸಾದಿಂದ ಮುಂಬೈಗೆ ಅಳೆದಳು. ಸೂಯೆಜ್ ಕಾಲುವೆ ಹಾದರೆ ಒಂದು ಗೇಣು. ಆಫ್ರಿಕಾ ಸುತ್ತಿ ಬಂದರೆ ದಾರ ಸಾಲದೆ ಇನ್ನೊಂದು ಎಳೆ ಕಟ್ಟಬೇಕಾಯಿತು. ಪಾಠ ಹೇಳುವ ಮೇಷ್ಟ್ರು ಯಾರೂ ಬೇಕಾಗಲಿಲ್ಲ.

ಇನ್ನೊಂದು ನೆನಪಾಯಿತು. ಇಂಡೋನೇಷ್ಯಾ ಅಂತ ದೇಶ, ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಮಾಡುವುದು ಅಲ್ಲಿ. 2022ರಲ್ಲಿ ಅಲ್ಲಿಯ ಹೆಂಗಸರೇ ಎಣ್ಣೆಗಾಗಿ ಉದ್ದುದ್ದ ಸಾಲಿನಲ್ಲಿ ನಿಂತರು. ಕೊನೆಗೆ ಆ ದೇಶ ಏಪ್ರಿಲ್ 28ರಿಂದ ಮೇ 23ರವರೆಗೆ ಹೊರಗೆ ಮಾರುವುದನ್ನೇ ನಿಲ್ಲಿಸಿತು. ಆಗ ನಮ್ಮ ಸ್ಟೇಷನ್ ರಸ್ತೆಯ ಗಾಡಿಯಲ್ಲಿ ಮಿರ್ಚಿ ಬಜ್ಜಿಯ ರೇಟು ಏರಿತು. ಆ ಗಾಡಿಯವಳು ಗಂಡ ಇಲ್ಲದ ಹೆಣ್ಣುಮಗಳು. ರೇಟು ಏರಿಸಿದ್ದಕ್ಕೆ ಜನ ಅವಳನ್ನು ಬೈಯುವುದನ್ನು ನಾನೇ ಕೇಳಿದ್ದೇನೆ. ಅವಳಿಗೂ ಗೊತ್ತಿಲ್ಲ, ಬೈಯುವವರಿಗೂ ಗೊತ್ತಿಲ್ಲ. ಈ ಗೊತ್ತಿಲ್ಲದಿರುವುದೇ ನನಗೆ ಜಾಸ್ತಿ ನೋವು ಕೊಡುತ್ತೆ ಅಕ್ಕಂದಿರೇ. ಗೊತ್ತಿಲ್ಲದಿದ್ದರೆ ನಾವು ಎದುರಿಗೆ ಸಿಕ್ಕವರ ಮೇಲೆ ಹಾಯುತ್ತೇವೆ. ಗೊಬ್ಬರದ ಸಾಲಿನಲ್ಲಿ ರೈತ ಅಂಗಡಿಯ ಹುಡುಗನ ಮೇಲೆ ಹಾಯುತ್ತಾನೆ, ಡಿಎಪಿಯ ಬಹುಪಾಲು ಹಡಗಿನಲ್ಲಿ ಬರಬೇಕು ಅನ್ನುವುದು ಆ ಹೊತ್ತಿಗೆ ಯಾರ ತಲೆಯಲ್ಲೂ ಇರುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಅಕ್ಕ ಎದ್ದು ನಿಂತು ನೇರವಾಗಿ ಕೇಳಿದರು. "ಎಲ್ಲಾ ಖರೆ, ಹಂಗಾರ ನಾವು ಎಣ್ಣಿ ಯಾವುದು ತರಬೇಕು?" ಒಳ್ಳೆಯ ಪ್ರಶ್ನೆ. ನಾನು ಮಾಡುವುದನ್ನು ಹೇಳಿದೆ. ಇಲ್ಲೂ ಬರೆಯುತ್ತೇನೆ.

ನಮ್ಮ ಅತ್ತೆ ಬೆಳೆದದ್ದು ಕುಸುಬಿ ಎಣ್ಣೆಯಲ್ಲಿ. ಹಿಂಗಾರಿ ಜೋಳದ ಹೊಲದಲ್ಲಿ ನಡುನಡುವೆ ಕುಸುಬಿ ಸಾಲು, ಬದುವಿನ ಕಡೆಗೂ ಒಂದೆರಡು ಸಾಲು. ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಬೇರು ಆಳಕ್ಕೆ ಹೋಗುತ್ತೆ, ಎರೆ ಭೂಮಿಯ ಹಸಿಯಲ್ಲೇ ಬೆಳೆದು ನಿಲ್ಲುತ್ತೆ, ಮೇಲೆ ನೀರು ಬೇಡ. ಕಾಳು ಗಾಣಕ್ಕೆ ಕೊಟ್ಟರೆ ಎಣ್ಣೆ ಮನೆಗೆ, ಹಿಂಡಿ ಎಮ್ಮೆಗೆ. ಕಾಳು ನೆನೆಹಾಕಿ ರುಬ್ಬಿ ಹಾಲು ತೆಗೆದು ಬೆಲ್ಲ ಹಾಕಿ ಗೋಧಿ ಹುಗ್ಗಿ ಮಾಡುತ್ತಿದ್ದರಂತೆ. ಆ ರುಚಿ ನನ್ನ ಮಕ್ಕಳಿಗೆ ಗೊತ್ತಿರಲಿಲ್ಲ. ಯಾಕೆ ಬಿಟ್ಟರು ಅಂದರೆ ಅದೇ ಮುಳ್ಳು. ಕೀಳುವಾಗ ಕೈಗೆ ಕಾಲಿಗೆ ಬಟ್ಟೆ ಸುತ್ತಿಕೊಳ್ಳಬೇಕು, ಆಳು ಸಿಗುವುದಿಲ್ಲ. ಅಂಗಡಿಯಲ್ಲಿ ಪಾಕೀಟು ಸೋವಿ ಸಿಗುವಾಗ ಮುಳ್ಳು ಯಾರಿಗೆ ಬೇಕು?

ಈಗ ನಾನು ತಿಂಗಳಿಗೆ ಎರಡು ಲೀಟರ್ ಗಾಣದ ಎಣ್ಣೆ ತರುತ್ತೇನೆ, ಶೇಂಗಾದ್ದು, ಸಿಕ್ಕರೆ ಕುಸುಬಿಯದು. ಉಳಿದದ್ದು ಪಾಕೀಟೇ. ಗಾಣದ್ದು ಎರಡು ಪಟ್ಟು ತುಟ್ಟಿ, ಪೂರ್ತಿ ಅದನ್ನೇ ತರಲು ನನ್ನ ಸಂಬಳ ಸಾಲದು. ಸಾಲದವರಿಗೆ ತನ್ನಿ ಅಂತ ಹೇಳುವ ಹಕ್ಕು ನನಗಿಲ್ಲ. ಕರಿಯುವುದು ಕಡಿಮೆ ಮಾಡಿದ್ದೇವೆ, ಅದು ಅತ್ತೆಯ ಬಿಪಿಗೂ ಒಳ್ಳೆಯದಾಯಿತು. ನಿಮ್ಮ ಊರ ಹೊಲದಲ್ಲಿ ಯಾರಾದರೂ ಕುಸುಬಿ, ಶೇಂಗಾ ಬೆಳೆಯುತ್ತಿದ್ದರೆ ಐದಾರು ಮನೆಯವರು ಸೇರಿ ಮೊದಲೇ ಮಾತು ಕೊಟ್ಟು ಕಾಳು ಕೊಳ್ಳಬಹುದು. ಗಾಣದವರು ಕೂಲಿ ತೆಗೆದುಕೊಂಡು ಎಣ್ಣೆ ತೆಗೆದು ಕೊಡುತ್ತಾರೆ. ನಾವು ಓಣಿಯ ಆರು ಮನೆಯವರು ಹಾಗೆ ಶುರು ಮಾಡಿದ್ದೇವೆ. ಸೇರುವವರು ಹೇಳಿ.

ಯಾರಿಂದ ಕೊಳ್ಳುವುದು ಅಂದರೆ, ಸದ್ಯಕ್ಕೆ ನಮ್ಮ ಮೈದುನನೇ. ಈ ಹಿಂಗಾರಿಯಲ್ಲಿ ಜೋಳದ ನಡುವೆ ಆರು ಸಾಲು ಕುಸುಬಿ ಹಾಕಿದ್ದಾನೆ, ಅತ್ತೆ ಕೇಳಿದ್ದಕ್ಕೆ. ಹೋದ ಭಾನುವಾರ ಎಲ್ಲರೂ ಹೋಗಿ ನೋಡಿ ಬಂದೆವು. ಮೊಳಕಾಲು ಎತ್ತರ ಬಂದಿದೆ, ಇನ್ನೂ ಹೂವಿಲ್ಲ. ಮಗ ಮುಳ್ಳು ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ. ಮನೆಗೆ ಬಂದವನೇ ಟಿಕಲಿ ಪಾಕೀಟು ತೆಗೆದುಕೊಂಡು ನಕಾಶೆಯ ಮುಂದೆ ನಿಂತ. ಆ ನಕಾಶೆಯಲ್ಲಿ ವಿಜಯಪುರದ ಹೆಸರಿಲ್ಲ. ಮುಂಬೈ ಇದೆ, ಹೈದರಾಬಾದ್ ಇದೆ. ಎರಡರ ನಡುವೆ ಬೆರಳಿನಲ್ಲಿ ಅಳೆದು, ಅಂದಾಜು ಮಾಡಿ, ಒಂದು ಹಸಿರು ಟಿಕಲಿ ಹಚ್ಚಿದ್ದಾನೆ.